ಒಂದೇ ಅಣು, ಎರಡು ಆಜ್ಞೆ: ಮೆದುಳುಕಾಂಡದ ರಾಸಾಯನಿಕ ಸಂಕೇತಗಳು ಮತ್ತು ಹೃದಯದ ಗತಿ

ಅಸಿಟೈಲ್‌ಕೋಲಿನ್ ಹೃದಯವನ್ನು ನಿಧಾನಗೊಳಿಸುತ್ತದೆ, ಅಡ್ರಿನಲಿನ್ ಚುರುಕುಗೊಳಿಸುತ್ತದೆ, ಗಾಬಾ ನರಮಂಡಲವನ್ನು ಶಾಂತವಾಗಿಸುತ್ತದೆ. ಪದವಿ ತರಗತಿಯ ಶರೀರಕ್ರಿಯಾಶಾಸ್ತ್ರದಿಂದ ಹಿಡಿದು ಪತ್ರಿಕೆಗಳ ಆರೋಗ್ಯ ಪುರವಣಿಯವರೆಗೆ ಈ ಮೂರು ಮಾತು ಬೇರೆ ಬೇರೆ ವೇಷದಲ್ಲಿ ತಿರುಗುತ್ತಿರುತ್ತವೆ. ಹೃದಯದ ಮಟ್ಟದಲ್ಲಿ ಮೊದಲೆರಡಕ್ಕೆ ತಕರಾರಿಲ್ಲ. ಇದೇ ಪಟ್ಟಿಯನ್ನು ಮೆದುಳುಕಾಂಡದೊಳಕ್ಕೆ ಹೊತ್ತೊಯ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ಅಲ್ಲಿ ಗಾಬಾ ಒಂದು ಜಾಗದಲ್ಲಿ ಬಿದ್ದರೆ ಬಡಿತ ಏರುತ್ತದೆ, ಇನ್ನೊಂದು ಜಾಗದಲ್ಲಿ ಬಿದ್ದರೆ ಇಳಿಯುತ್ತದೆ. ಗ್ಲುಟಮೇಟ್ ಕತೆಯೂ ಹಾಗೆಯೇ. ಅಸಿಟೈಲ್‌ಕೋಲಿನ್ ಅಂತೂ ಹೃದಯದಲ್ಲಿ ಮಾಡುವ ಕೆಲಸಕ್ಕೆ ತದ್ವಿರುದ್ಧವಾದದ್ದನ್ನು ಮೆದುಳುಕಾಂಡದಲ್ಲಿ ಮಾಡಬಲ್ಲದು. ರಾಸಾಯನಿಕದ ಹೆಸರು ಗೊತ್ತಿದ್ದ ಮಾತ್ರಕ್ಕೆ ಹೃದಯದ ಗತಿಯನ್ನು ಊಹಿಸಲಾಗದು. ಅದು ಯಾವ ನರಕೋಶದ ಮೇಲೆ, ಯಾವ ಗ್ರಾಹಕದ ಮೂಲಕ, ಉಸಿರಾಟದ ಯಾವ ಹಂತದಲ್ಲಿ ಬೀಳುತ್ತದೆ ಎಂಬುದೂ ಗೊತ್ತಿರಬೇಕು ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಒಂದು ಅಳತೆ. ನರಗಳ ಹಂಗಿಲ್ಲದೆ ಬಿಟ್ಟರೆ ಹೃದಯ ಎಷ್ಟು ಬಡಿಯುತ್ತದೆ? ಅಟ್ರೋಪಿನ್ ಮತ್ತು ಪ್ರೊಪ್ರನೊಲಾಲ್ ಎರಡನ್ನೂ ಕೊಟ್ಟು ವೇಗಸ್ ಮತ್ತು ಸಿಂಪಥೆಟಿಕ್ ನರಗಳ ಪ್ರಭಾವವನ್ನು ತಾತ್ಕಾಲಿಕವಾಗಿ ಕಳಚಿ ಜೋಸ್ ಮತ್ತು ಕಾಲಿಸನ್ 1970ರಲ್ಲಿ ಒಂದು ಸೂತ್ರ ಕೊಟ್ಟರು: 118.1ರಿಂದ ವಯಸ್ಸಿನ 0.57 ಪಟ್ಟನ್ನು ಕಳೆಯಿರಿ. ಅದರಂತೆ ಇಪ್ಪತ್ತರ ಹರೆಯದವರ ಹೃದಯದ ಸ್ವಂತ ಗತಿ ನಿಮಿಷಕ್ಕೆ ಸುಮಾರು 107, ಐವತ್ತು ದಾಟುವ ಹೊತ್ತಿಗೆ ಸುಮಾರು 90. ಕಸಿ ಮಾಡಿದ ಹೃದಯ ವಿಶ್ರಾಂತಿಯಲ್ಲೂ 90ರಿಂದ 110ರ ಆಸುಪಾಸಿನಲ್ಲಿ ಓಡುವುದು ಇದಕ್ಕೆ ಒಪ್ಪುವ ಸಂಗತಿ. ನಮ್ಮ ನಿಮ್ಮ ನಾಡಿ ಕುಳಿತಲ್ಲಿ 70 ಅಂತ ತೋರುತ್ತದೆ ಎಂದರೆ ಇಡೀ ದಿನ ಯಾರೋ ಅದನ್ನು ಹಿಡಿದಿಟ್ಟಿದ್ದಾರೆ ಎಂದರ್ಥ. ಹಿಡಿದಿರುವುದು ವೇಗಸ್ ನರ. 1845ರಲ್ಲಿ ಅರ್ನ್ಸ್ಟ್ ಹೈನ್‌ರಿಕ್ ವೇಬರ್ ಮತ್ತು ಎಡ್ವರ್ಡ್ ವೇಬರ್ ಸೋದರರು ಆ ನರವನ್ನು ವಿದ್ಯುತ್ತಿನಿಂದ ಕೆರಳಿಸಿ ಹೃದಯವನ್ನು ನಿಲ್ಲಿಸಿ ತೋರಿಸಿದಾಗಲೇ, ನರವೊಂದು ಅಂಗವನ್ನು ಕೆಲಸಕ್ಕೆ ಹಚ್ಚುವುದಷ್ಟೇ ಅಲ್ಲ, ತಡೆಯಲೂ ಬಲ್ಲದು ಎಂಬ ಹೊಸ ವಿಚಾರ ಶರೀರಕ್ರಿಯಾಶಾಸ್ತ್ರಕ್ಕೆ ಬಂತು. ತಡೆಯುವ ವಸ್ತು ಒಂದು ರಾಸಾಯನಿಕ ಎಂದು 1921ರಲ್ಲಿ ಆಟೊ ಲೋವಿ ಕಪ್ಪೆಯ ಹೃದಯಗಳ ನಡುವೆ ದ್ರವ ಸಾಗಿಸಿ ತೋರಿಸಿದ ಕತೆ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ.

ಹೃದಯದ ತಾಳ ಹುಟ್ಟಿಸುವ ಸೈನಸ್ ಗಂಟಿನಲ್ಲಿ ಅಸಿಟೈಲ್‌ಕೋಲಿನ್ ಎಂ2 ಎಂಬ ಮಸ್ಕರಿನಿಕ್ ಗ್ರಾಹಕವನ್ನು ತಟ್ಟುತ್ತದೆ, ಪೊಟ್ಯಾಸಿಯಂ ಬಾಗಿಲುಗಳು ತೆರೆಯುತ್ತವೆ, ಕೋಶದ ಒಳಗಿನ ವಿದ್ಯುತ್ ಮಟ್ಟ ಇನ್ನಷ್ಟು ಋಣವಾಗಿ ಮುಂದಿನ ಬಡಿತ ತಡವಾಗುತ್ತದೆ. ಇದೆಲ್ಲ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ, ಯಾಕೆಂದರೆ ಅಲ್ಲಿ ಕಾದು ಕುಳಿತ ಕಿಣ್ವ ಅಸಿಟೈಲ್‌ಕೋಲಿನನ್ನು ತಕ್ಷಣ ಕತ್ತರಿಸಿ ಹಾಕುತ್ತದೆ. ಹೃದಯವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರದ ಪ್ರಭಾವ ಏರಲು ಇಳಿಯಲು ಹಲವು ಸೆಕೆಂಡು ಬೇಕು. ಹಾಗಾಗಿ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಕಾಣುವ ಸಣ್ಣ ಏರುಪೇರು ಬಹುಪಾಲು ವೇಗಸ್ಸಿನದೇ. ಅದನ್ನು ಮೇಲಿಂದ ನಡೆಸುವವರು ಯಾರು ಎಂಬುದೇ ನಿಜವಾದ ಪ್ರಶ್ನೆ.

ಉತ್ತರ ಹುಡುಕಿದ್ದು ಬೆಕ್ಕುಗಳಲ್ಲಿ. ಮ್ಯಾಕ್‌ಆಲೆನ್ ಮತ್ತು ಸ್ಪೈಯರ್ 1976ರಲ್ಲಿ ವೇಗಸ್ಸಿನ ಹೃದಯದ ಕವಲನ್ನು ಕೆಳಗಿನಿಂದ ಕೆರಳಿಸಿ, ಹಿಮ್ಮುಖವಾಗಿ ಮೇಲೇರುವ ಸಂಕೇತ ಮೆದುಳುಕಾಂಡದ ಕೆಳಭಾಗವಾದ ಮೆಡುಲ್ಲಾದ ಯಾವ ಕೋಶಕ್ಕೆ ತಲುಪುತ್ತದೆ ಎಂದು ಸೂಕ್ಷ್ಮ ವಿದ್ಯುದಗ್ರದಿಂದ ಆಲಿಸಿದರು. ಸಿಕ್ಕ ಕೋಶಗಳು ನ್ಯೂಕ್ಲಿಯಸ್ ಅಂಬಿಗ್ಯೂಅಸ್ ಎಂಬ ಜಾಗದಲ್ಲಿದ್ದವು. ಅದೇ ಪ್ರದೇಶದಲ್ಲಿ ಗಂಟಲು, ಧ್ವನಿಪೆಟ್ಟಿಗೆಗಳ ಸ್ನಾಯುಗಳನ್ನು ಆಳುವ ಕೋಶಗಳೂ ಇವೆ. ಹೃದಯವನ್ನು ಹಿಡಿಯುವ ಕೋಶಗಳು ಅವುಗಳ ನಡುವೆ, ಅಂಚಿನಲ್ಲಿ ಚದುರಿಕೊಂಡಿರುವುದರಿಂದ ಕಣ್ಣಂದಾಜಿನಲ್ಲಿ ಗುರುತಿಸುವುದು ಅಸಾಧ್ಯ. ಕೋಶಗಳನ್ನು ಗುರುತಿಸದೆ ಸುಮ್ಮನೆ ಆ ಜಾಗಕ್ಕೆ ಔಷಧ ಚುಚ್ಚಿ ನಾಡಿ ನೋಡಿದ ಪ್ರಯೋಗಗಳನ್ನು ಈ ಕಾರಣಕ್ಕೆ ನಾನು ಅರೆಮನಸ್ಸಿನಿಂದಲೇ ಓದುತ್ತೇನೆ.

ಗುರುತಿಸುವ ಉಪಾಯ 1990ರ ದಶಕದಲ್ಲಿ ಡೇವಿಡ್ ಮೆಂಡೆಲೊವಿಟ್ಜ್ ಅವರ ಪ್ರಯೋಗಾಲಯದಲ್ಲಿ ಹದಕ್ಕೆ ಬಂತು. ಎಳೆಯ ಇಲಿಮರಿಯ ಹೃದಯದ ಸುತ್ತಲಿನ ಚೀಲಕ್ಕೆ ಹೊಳೆಯುವ ಬಣ್ಣವೊಂದನ್ನು ಹಾಕುತ್ತಾರೆ. ಅದು ವೇಗಸ್ ಎಳೆಗಳ ತುದಿಯಿಂದ ಒಳಸೇರಿ, ಎಳೆಯುದ್ದಕ್ಕೂ ಮೇಲೆ ಸಾಗಿ, ಒಂದೆರಡು ದಿನದಲ್ಲಿ ಮೆದುಳುಕಾಂಡದ ಮೂಲಕೋಶ ಸೇರುತ್ತದೆ. ಆಮೇಲೆ ಮೆಡುಲ್ಲಾವನ್ನು ತೆಳುವಾಗಿ ಸೀಳಿ, ಆಮ್ಲಜನಕ ತುಂಬಿದ ಉಪ್ಪುದ್ರಾವಣದಲ್ಲಿ ಬದುಕಿಸಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಹೃದಯಕ್ಕೆ ಹೋಗುವ ಕೋಶಗಳು ಮಾತ್ರ ಹೊಳೆಯುತ್ತವೆ. ಅಂಥ ಒಂದು ಕೋಶಕ್ಕೆ ಗಾಜಿನ ಕೊಳವೆ ತಾಗಿಸಿ ವಿದ್ಯುತ್ತನ್ನು ಅಳೆದಾಗ ಕಂಡದ್ದು, 1996ರ ವರದಿಯಂತೆ, ಅಚ್ಚರಿ ತರುವ ಮೌನ. ಈ ಕೋಶಗಳಿಗೆ ತಮ್ಮದೇ ತಾಳವಿಲ್ಲ. ಯಾರಾದರೂ ಕೆಣಕಿದರೆ ಮಾತ್ರ ಮಿಡಿಯುತ್ತವೆ.

ಇದರ ಅರ್ಥ ಸಣ್ಣದಲ್ಲ. ಹಗಲಿರುಳು ಹೃದಯವನ್ನು ಹಿಡಿದಿಟ್ಟಿರುವ ನರದ ಮೂಲಕೋಶ ಸ್ವತಃ ಸುಮ್ಮನಿರುವ ಕೋಶ. ಜೀವಂತ ದೇಹದಲ್ಲಿ ಅದು ದುಡಿಯುತ್ತಿದೆಯೆಂದರೆ ಬೇರೆ ಕೋಶಗಳು ಅದರ ಮೇಲೆ ಸುರಿಸುವ ರಾಸಾಯನಿಕಗಳ ಜಮಾಖರ್ಚಿನಿಂದಲೇ ದುಡಿಯುತ್ತಿದೆ. ಜಮೆಯ ಬದಿಯಲ್ಲಿ ಮುಖ್ಯವಾಗಿ ಗ್ಲುಟಮೇಟ್. ಖರ್ಚಿನ ಬದಿಯಲ್ಲಿ ಗಾಬಾ ಮತ್ತು ಗ್ಲೈಸಿನ್.

ಗ್ಲುಟಮೇಟ್ ಬರುವ ದಾರಿ ಇದು. ಕುತ್ತಿಗೆಯ ಕೆರೋಟಿಡ್ ಸೈನಸ್ ಮತ್ತು ಮಹಾಪಧಮನಿಯ ಕಮಾನಿನ ಗೋಡೆ ರಕ್ತದೊತ್ತಡಕ್ಕೆ ಹಿಗ್ಗಿದಾಗ ಅಲ್ಲಿನ ನರತುದಿಗಳು ಮಿಡಿಯುತ್ತವೆ. ಮೊಲದಲ್ಲಿ ಈ ದಾರಿಯ ಒಂದು ನರವನ್ನು ಸಿಯಾನ್ ಮತ್ತು ಲುಡ್ವಿಗ್ 1866ರಲ್ಲೇ ಹಿಡಿದಿದ್ದರು. ಸುದ್ದಿ ಮೆಡುಲ್ಲಾದ ನ್ಯೂಕ್ಲಿಯಸ್ ಟ್ರ್ಯಾಕ್ಟಸ್ ಸಾಲಿಟೇರಿಯಸ್ ಎಂಬ ಕೇಂದ್ರಕ್ಕೆ ಮುಟ್ಟುತ್ತದೆ. ಬರಹದ ಅನುಕೂಲಕ್ಕೆ ಅದನ್ನು ಸಾಲಿಟೇರಿಯಸ್ ಎಂದಷ್ಟೇ ಕರೆಯುತ್ತೇನೆ. ಒತ್ತಡದ ಸುದ್ದಿಯಷ್ಟೇ ಅಲ್ಲ, ಶ್ವಾಸಕೋಶ ಮತ್ತು ಹೃದಯದ ಕೋಣೆಗಳ ಸುದ್ದಿಯೂ ಅಲ್ಲಿಗೇ ಬರುತ್ತದೆ. ಆ ಬಗೆಯ ನರತುದಿಗಳನ್ನು ವೇಗಸ್ಸಿನ ಒಂಟಿ ಎಳೆಗಳಲ್ಲಿ ಬೇರ್ಪಡಿಸಿ ಗುರುತಿಸಿದವರಲ್ಲಿ ನಮ್ಮ ಔತಾರ್ ಸಿಂಗ್ ಪೈಂಟಲ್ ಅವರ 1950ರ ದಶಕದ ಕೆಲಸ ಮೊದಲ ಸಾಲಿನದು.

ಸಾಲಿಟೇರಿಯಸ್ಸಿನಲ್ಲಿ ಆ ಸುದ್ದಿಯನ್ನು ಇಳಿಸುವ ವಸ್ತು ಗ್ಲುಟಮೇಟ್ ಎಂದು ಟಾಲ್ಮನ್, ಪೆರೋನ್ ಮತ್ತು ರೀಸ್ 1980ರಲ್ಲಿ ವಾದಿಸಿದರು. ಇಲಿಯ ಸಾಲಿಟೇರಿಯಸ್ಸಿಗೆ ಗ್ಲುಟಮೇಟ್ ಚುಚ್ಚಿದರೆ ರಕ್ತದೊತ್ತಡ ಇಳಿಯಿತು, ಬಡಿತ ನಿಧಾನವಾಯಿತು. ಅಂದರೆ ಒತ್ತಡ ಏರಿದಾಗ ದೇಹ ತಾನಾಗಿ ಮಾಡುವುದೇ ಆಯಿತು. ಮೆದುಳಿನ ಉದ್ರೇಕಕಾರಿ ಎಂದೇ ಹೆಸರಾದ ವಸ್ತುವಿನಿಂದ ಹೃದಯ ತಣ್ಣಗಾಯಿತು ಎಂಬುದನ್ನು ಓದುಗರು ಗಮನಿಸಬೇಕು. ಆದರೆ ಅದೇ ಟಾಲ್ಮನ್ 1989ರಲ್ಲಿ ಪ್ರಕಟಿಸಿದ ಇನ್ನೊಂದು ಫಲಿತಾಂಶ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಗ್ಲುಟಮೇಟ್ ಗ್ರಾಹಕಗಳನ್ನು ತಡೆಯುವ ಕೈನುರೆನಿಕ್ ಆಮ್ಲವನ್ನು ಅಲ್ಲಿಗೇ ಚುಚ್ಚಿದಾಗ ರಕ್ತದೊತ್ತಡದ ಪ್ರತಿಫಲಿತ ಕ್ರಿಯೆ ನಿಂತಿತು, ಆದರೆ ಹೊರಗಿನಿಂದ ಚುಚ್ಚಿದ ಗ್ಲುಟಮೇಟಿನ ಪರಿಣಾಮ ನಿಲ್ಲಲಿಲ್ಲ! ಎರಡೂ ಒಂದೇ ವಸ್ತುವಿನ ಕೆಲಸವಾಗಿದ್ದರೆ ಎರಡೂ ನಿಲ್ಲಬೇಕಿತ್ತಲ್ಲ? ತನ್ನದೇ ಸಿದ್ಧಾಂತಕ್ಕೆ ಮುಜುಗರ ತರುವ ಅಂಶವನ್ನು ತಾನೇ ಮುಂದಿಟ್ಟ ಉದಾಹರಣೆ ನಮ್ಮ ಕ್ಷೇತ್ರದಲ್ಲಿ ಅಪರೂಪ. ಇದರಿಂದ ಗ್ಲುಟಮೇಟ್ ಪಟ್ಟ ಕಳೆದುಕೊಳ್ಳಲಿಲ್ಲ. ನರತುದಿ ತನ್ನ ಎದುರಿನ ಗ್ರಾಹಕಕ್ಕೆ ಅಳೆದು ಬಿಡುವ ಗ್ಲುಟಮೇಟ್ ಬೇರೆ, ಸೂಜಿಯಿಂದ ಸುತ್ತಲ ಕೋಶಗಳನ್ನೆಲ್ಲ ತೋಯಿಸುವ ಗ್ಲುಟಮೇಟ್ ಬೇರೆ ಎಂಬ ಎಚ್ಚರ ಮಾತ್ರ ಉಳಿಯಿತು. ಚುಚ್ಚುಮದ್ದಿನ ಪ್ರಯೋಗದಿಂದ ಸಹಜ ಸಂಕೇತದ ಬಗ್ಗೆ ತೀರ್ಪು ಕೊಡುವವರು ಈ ಎಚ್ಚರವನ್ನು ಆಗಾಗ ಮರೆಯುತ್ತಾರೆ.

ಸಾಲಿಟೇರಿಯಸ್ಸಿನಿಂದ ದಾರಿ ಕವಲೊಡೆಯುತ್ತದೆ. ಒಂದು ಕವಲು ನ್ಯೂಕ್ಲಿಯಸ್ ಅಂಬಿಗ್ಯೂಅಸ್ಸಿನ ಮೌನಿ ಕೋಶಗಳ ಮೇಲೆ ಗ್ಲುಟಮೇಟ್ ಬಿಟ್ಟು ಅವನ್ನು ಎಚ್ಚರಿಸುತ್ತದೆ, ಹೃದಯ ನಿಧಾನವಾಗುತ್ತದೆ. ಇನ್ನೊಂದು ಕವಲು ಮೆಡುಲ್ಲಾದ ಹೊಟ್ಟೆಭಾಗದ ಕೆಳಪಕ್ಕದಲ್ಲಿರುವ ಕೋಶಗಳನ್ನು ಗ್ಲುಟಮೇಟಿನಿಂದಲೇ ಕೆಣಕುತ್ತದೆ, ಆ ಕೋಶಗಳು ಮೇಲ್ಪಕ್ಕದಲ್ಲಿರುವ ಸಿಂಪಥೆಟಿಕ್ ನರಗಳ ಚಾಲಕಕೋಶಗಳ ಮೇಲೆ ಗಾಬಾ ಸುರಿಸುತ್ತವೆ, ಸಿಂಪಥೆಟಿಕ್ ಒತ್ತಾಸೆ ತಗ್ಗುತ್ತದೆ. ಇಲ್ಲಿ ಗಾಬಾ ಹೃದಯವನ್ನು ನಿಧಾನಗೊಳಿಸುವ ಪಕ್ಷದಲ್ಲಿದೆ. ಆ ಚಾಲಕಕೋಶಗಳಿಗೆ ನೇರವಾಗಿ ಗ್ಲುಟಮೇಟ್ ಬಿದ್ದರೆ ಒತ್ತಡ ಮತ್ತು ಬಡಿತ ಮೇಲೇರುತ್ತವೆ. ಸಾಲಿಟೇರಿಯಸ್ಸಿನಲ್ಲಿ ಇಳಿಸಿದ ವಸ್ತುವೇ ಕೆಲವು ಮಿಲಿಮೀಟರ್ ದೂರದಲ್ಲಿ ಏರಿಸುತ್ತದೆ.

ಈಗ ಉಸಿರಾಟದ ಮಾತು. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ ನೋಡಿದರೆ, ಅದರಲ್ಲೂ ಹದಿಹರೆಯದವರಲ್ಲಿ, ಉಸಿರು ಒಳಗೆಳೆದಾಗ ನಾಡಿ ಚುರುಕಾಗುವುದೂ ಬಿಟ್ಟಾಗ ತಡೆದು ತಡೆದು ಬರುವುದೂ ತಿಳಿಯುತ್ತದೆ. ತಾನೇ ರೂಪಿಸಿದ ಕೈಮೋಗ್ರಾಫ್ ಯಂತ್ರದಿಂದ ಕಾರ್ಲ್ ಲುಡ್ವಿಗ್ 1847ರಲ್ಲಿ ಇದನ್ನು ಕಾಗದಕ್ಕಿಳಿಸಿದ. 1936ರಲ್ಲಿ ಅನ್ರೆಪ್ ಮತ್ತು ಸಂಗಡಿಗರು ನಾಯಿಗಳಲ್ಲಿ ಎರಡು ಕಾರಣಗಳನ್ನು ಬಿಡಿಸಿ ತೋರಿಸಿದರು: ಶ್ವಾಸಕೋಶ ಹಿಗ್ಗಿದ ಸುದ್ದಿಯಿಂದ ಆಗುವುದು ಒಂದು, ಮೆದುಳಿನ ಉಸಿರಾಟದ ಕೇಂದ್ರ ನೇರವಾಗಿ ಮಾಡುವುದು ಇನ್ನೊಂದು. ಎರಡನೆಯದರ ರಾಸಾಯನಿಕ ರೂಪ ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಗಿಲ್ಬಿ, ಜೋರ್ಡನ್, ರಿಕ್ಟರ್ ಮತ್ತು ಸ್ಪೈಯರ್ 1984ರಲ್ಲಿ ಅರಿವಳಿಕೆ ಕೊಟ್ಟ ಬೆಕ್ಕಿನಲ್ಲಿ ಹೃದಯದ ವೇಗಸ್ ಕೋಶದ ಒಳಕ್ಕೇ ವಿದ್ಯುದಗ್ರ ಇಳಿಸಿದರು. ಪ್ರತಿ ಉಸಿರು ಒಳಹೋಗುವಾಗಲೂ ಕೋಶ ಇನ್ನಷ್ಟು ಋಣವಾಗಿ ಮುಚ್ಚಿಕೊಳ್ಳುತ್ತಿತ್ತು, ಮತ್ತು ಈ ಮುಚ್ಚಿಕೆ ಕ್ಲೋರೈಡ್ ಅಯಾನುಗಳನ್ನು ಅವಲಂಬಿಸಿತ್ತು. ಕ್ಲೋರೈಡ್ ಬಾಗಿಲು ತೆರೆಯುವ ಪರಿಚಿತ ವಸ್ತುಗಳು ಎರಡು, ಗಾಬಾ ಮತ್ತು ಗ್ಲೈಸಿನ್.

2003ರಲ್ಲಿ ನೆಫ್ ಮತ್ತು ಸಂಗಡಿಗರು, ಮೆಂಡೆಲೊವಿಟ್ಜ್ ಪ್ರಯೋಗಾಲಯದಿಂದಲೇ, ಇದನ್ನು ಇನ್ನೊಂದು ಹೆಜ್ಜೆ ಒಳಕ್ಕೆ ಒಯ್ದರು. ಮೆದುಳುಕಾಂಡದ ಸೀಳನ್ನು ಮಾಮೂಲಿಗಿಂತ ದಪ್ಪವಾಗಿ ಕತ್ತರಿಸಿದರೆ ಉಸಿರಾಟದ ತಾಳ ಹುಟ್ಟಿಸುವ ಕೋಶಗಳೂ ಅದರಲ್ಲಿ ಉಳಿಯುತ್ತವೆ. ಎದೆಯಿಲ್ಲ, ಶ್ವಾಸಕೋಶವಿಲ್ಲ, ಹೃದಯವೂ ಇಲ್ಲ. ಆದರೂ ಗಾಜಿನ ತಟ್ಟೆಯಲ್ಲಿರುವ ಆ ಚೂರು ನಾಲಿಗೆಯ ನರದ ಬೇರಿನ ಮೂಲಕ ಲಯಬದ್ಧವಾಗಿ ‘ಉಸಿರಾಡುವ’ ಸಂಕೇತ ಕಳಿಸುತ್ತಲೇ ಇರುತ್ತದೆ. ಅಂಥ ಪ್ರತಿ ಸಂಕೇತದ ಜೊತೆಗೂ ಹೃದಯದ ವೇಗಸ್ ಕೋಶದ ಮೇಲೆ ಗಾಬಾ, ಗ್ಲೈಸಿನ್‌ಗಳ ಮಳೆ ಹೆಚ್ಚಿತು. ಹೀಗೆ ಗಾಬಾ ಹೆಚ್ಚಲು ಅಸಿಟೈಲ್‌ಕೋಲಿನ್ನಿನ ಇನ್ನೊಂದು ಬಗೆಯ, ನಿಕೊಟಿನಿಕ್ ಎಂಬ ಗ್ರಾಹಕಗಳು ಬೇಕಿದ್ದವು. ಅಂದರೆ ಅಲ್ಲಿಯೇ ಒಸರುವ ಅಸಿಟೈಲ್‌ಕೋಲಿನ್ ಗಾಬಾವನ್ನು ಹೊರಡಿಸುತ್ತದೆ, ಗಾಬಾ ವೇಗಸ್ ಕೋಶದ ಬಾಯಿ ಮುಚ್ಚಿಸುತ್ತದೆ, ಹಿಡಿತ ಸಡಿಲಿ ಹೃದಯ ಓಡುತ್ತದೆ. ಕೆಳಗೆ ಸೈನಸ್ ಗಂಟಿನಲ್ಲಿ ಹೃದಯವನ್ನು ತಡೆಯುವ ಅಣುವೇ ಮೇಲೆ ಮೆಡುಲ್ಲಾದಲ್ಲಿ ಅದನ್ನು ಬಿಟ್ಟುಕೊಡುವ ಏರ್ಪಾಡಿನಲ್ಲಿ ಕೈಜೋಡಿಸಿದೆ. ಉಸಿರು ಎಳೆದಾಗ ನಾಡಿ ಚುರುಕಾಗುವುದು ಸ್ಕೂಟರಿನ ಆಕ್ಸಿಲರೇಟರ್ ತಿರುವಿದಂತಲ್ಲ, ಇಳಿಜಾರಿನಲ್ಲಿ ಹಿಡಿದ ಬ್ರೇಕನ್ನು ತುಸು ಬಿಟ್ಟಂತೆ.

ಮಿತಿಗಳನ್ನೂ ಹೇಳಬೇಕು. ಇವು ಹುಟ್ಟಿ ಕೆಲವೇ ದಿನಗಳಾದ ಇಲಿಮರಿಗಳ ಮೆದುಳು. ಎಳೆಯ ನರಕೋಶಗಳೊಳಗೆ ಕ್ಲೋರೈಡ್ ಹೆಚ್ಚಿರುವುದರಿಂದ ಮೆದುಳಿನ ಹಲವು ಭಾಗಗಳಲ್ಲಿ ಗಾಬಾ ಆ ವಯಸ್ಸಿನಲ್ಲಿ ತಡೆಯುವ ಬದಲು ಕೆಣಕುತ್ತದೆ. ಅದಲ್ಲದೆ ನಿಮಿಷಕ್ಕೆ 300ಕ್ಕೂ ಹೆಚ್ಚು ಬಾರಿ ಬಡಿಯುವ ಇಲಿಯ ಹೃದಯದಲ್ಲಿ ವೇಗಸ್ಸಿನ ಹಿಡಿತ ನಾಯಿಯಲ್ಲಿದ್ದಷ್ಟು ಬಿಗಿಯಲ್ಲ. ಬೆಳೆದ ಬೆಕ್ಕಿನ 1984ರ ದಾಖಲೆ ಮತ್ತು ಮರಿ ಇಲಿಯ 2003ರ ದಾಖಲೆ ಒಂದೇ ದಿಕ್ಕಿಗೆ ಕೈತೋರಿಸುತ್ತವೆ ಎಂಬ ಕಾರಣಕ್ಕೆ ನಾನು ಇದನ್ನು ಒಪ್ಪುತ್ತೇನೆ. ಎರಡರಲ್ಲಿ ಒಂದೇ ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯ ಕೋಣೆಯಿಂದಲೂ ಒಂದು ಸಾಕ್ಷ್ಯ ಬರುತ್ತದೆ. ಫೆಂಟನಿಲ್ ಎಂಬ ನೋವುನಿವಾರಕ ಕೊಟ್ಟ ರೋಗಿಯ ಬಡಿತ ಇಳಿಯುವುದು ಅರಿವಳಿಕೆ ತಜ್ಞರಿಗೆ ನಿತ್ಯದ ಅನುಭವ, ಅದಕ್ಕೇ ಅಟ್ರೋಪಿನ್ ಕೈಗೆಟುಕುವಂತಿರುತ್ತದೆ. 2004ರಲ್ಲಿ ಅದೇ ಬಣ್ಣ ಹಾಕಿದ ಕೋಶಗಳ ಮೇಲೆ ಗ್ರಿಫಿಯೋನ್ ಮತ್ತು ಸಂಗಡಿಗರು ನೋಡಿದಾಗ, ಫೆಂಟನಿಲ್ ಆ ಕೋಶಗಳಿಗೆ ಬರುವ ಗಾಬಾವನ್ನು ತಗ್ಗಿಸುತ್ತಿತ್ತು. ಗಾಬಾ ಕಡಿಮೆಯಾದರೆ ವೇಗಸ್ ಕೋಶಕ್ಕೆ ತಡೆಯಿಲ್ಲ, ಹೃದಯ ನಿಧಾನ. ಗಾಬಾ ಎಂದರೆ ಶಾಂತಿ ಎಂದು ನಂಬಿದವರಿಗೆ ಇದು ಅರ್ಥವಾಗುವುದಿಲ್ಲ.

ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಕಾಣುವ ಇನ್ನೊಂದು ಸಂಗತಿ ಅಸಿಟೈಲ್‌ಕೋಲಿನ್ನಿನದು. ಆರ್ಗನೋಫಾಸ್ಫೇಟ್ ಕೀಟನಾಶಕ ಮೈಸೇರಿದಾಗ ಅಸಿಟೈಲ್‌ಕೋಲಿನನ್ನು ಕತ್ತರಿಸುವ ಕಿಣ್ವ ನಿಷ್ಕ್ರಿಯವಾಗುತ್ತದೆ. ಪುಸ್ತಕದ ಪ್ರಕಾರ ಪಾಪೆ ಸೂಜಿಮೊನೆಯಷ್ಟಾಗಿ, ಜೊಲ್ಲು ಸುರಿದು, ನಾಡಿ ನಿಧಾನವಾಗಬೇಕು. ಆದರೆ ವೇಗದ ನಾಡಿಯೊಂದಿಗೆ ಬರುವ ರೋಗಿಗಳೂ ಕಡಿಮೆಯೇನಿಲ್ಲ. ಸಿಂಪಥೆಟಿಕ್ ನರಗಂಟುಗಳಲ್ಲೂ ಅಡ್ರಿನಲ್ ಗ್ರಂಥಿಯಲ್ಲೂ ಉಕ್ಕುವ ಅಸಿಟೈಲ್‌ಕೋಲಿನ್ ನಿಕೊಟಿನಿಕ್ ಗ್ರಾಹಕಗಳ ಮೂಲಕ ಬಡಿತ ಏರಿಸುತ್ತದೆ, ಆಮ್ಲಜನಕದ ಕೊರತೆಯೂ ಸೇರಿಕೊಳ್ಳುತ್ತದೆ. ಇದನ್ನು ಮೆದುಳುಕಾಂಡದ ನಿಕೊಟಿನಿಕ್ ದಾರಿಗೆ ಪುರಾವೆ ಎಂದು ಎಳೆದು ತರಲು ನಾನು ಸಿದ್ಧನಿಲ್ಲ. ಮೈಯೆಲ್ಲ ಒಂದೇ ಅಣುವಿನಲ್ಲಿ ಮುಳುಗಿದಾಗ ಯಾವ ಜಾಗ ಏನು ಮಾಡಿತು ಎಂದು ಹಾಸಿಗೆಯ ಬದಿಯಲ್ಲಿ ಬಿಡಿಸಿ ನೋಡಲಾಗದು. ವಿಷ ಒಂದೇ ಆದರೂ ನಾಡಿ ಎರಡು ದಿಕ್ಕಿಗೂ ಹೋಗಬಲ್ಲದು ಎಂಬಷ್ಟನ್ನು ಮಾತ್ರ ಅದರಿಂದ ಪಡೆಯಬಹುದು.

ಮೈಸೂರಿಗೂ ಈ ಚರಿತ್ರೆಯಲ್ಲಿ ಒಂದು ಜಾಗವಿದೆ. 1935ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಹೃದಯತಜ್ಞೆ ತೆರೇಸ್ ಬ್ರಾಸ್, ಆಗ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರ ಹೃದಯದ ವಿದ್ಯುತ್ ರೇಖೆಯನ್ನು ದಾಖಲಿಸಿ, ಅವರು ಅದನ್ನು ಇಚ್ಛೆಯಿಂದ ಬಹುಮಟ್ಟಿಗೆ ಅಡಗಿಸಬಲ್ಲರು ಎಂಬರ್ಥದ ವರದಿ ಕೊಟ್ಟರು. ಹೃದಯ ನಿಲ್ಲಿಸುವ ಯೋಗಿ ಎಂಬ ಮಾತು ಜಗತ್ತಿನಾದ್ಯಂತ ಹಬ್ಬಲು ಇದೂ ಒಂದು ಕಾರಣ. ವೆಂಗರ್, ಬಾಗ್ಚಿ ಮತ್ತು ದೆಹಲಿಯ ಬಿ. ಕೆ. ಆನಂದ್ 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಸಾಧಕರನ್ನು ಮತ್ತೆ ಪರೀಕ್ಷಿಸಿದಾಗ, ಮಣಿಕಟ್ಟಿನ ನಾಡಿಯೂ ಎದೆಯ ಸದ್ದೂ ಕೈಗೆ ಕಿವಿಗೆ ಸಿಗದೆ ಹೋದರೂ ವಿದ್ಯುತ್ ರೇಖೆ ಮುಂದುವರಿದೇ ಇತ್ತು. ಉಸಿರು ಬಿಗಿಹಿಡಿದು ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿ ಮರೆಯಾಗುತ್ತಿತ್ತು. ಒಬ್ಬ ಸಾಧಕರ ಬಡಿತ ನಿಧಾನವಾದದ್ದನ್ನೂ ಆ ಅಧ್ಯಯನ ದಾಖಲಿಸಿದೆ. ಅದನ್ನು ತಳ್ಳಿಹಾಕುವ ಅಗತ್ಯವೇನೂ ಇಲ್ಲ: ಬಿಗಿಹಿಡಿದ ಉಸಿರನ್ನು ಬಿಟ್ಟ ಮೇಲೆ ರಕ್ತದೊತ್ತಡ ಮೇಲೆ ಜಿಗಿಯುತ್ತದೆ, ಕೆರೋಟಿಡ್ ಸೈನಸ್ ಸುದ್ದಿ ಕಳಿಸುತ್ತದೆ, ಸಾಲಿಟೇರಿಯಸ್ಸಿನಲ್ಲಿ ಗ್ಲುಟಮೇಟ್ ಸುರಿಯುತ್ತದೆ, ವೇಗಸ್ ಬಡಿತವನ್ನು ತಗ್ಗಿಸುತ್ತದೆ. ಇಚ್ಛೆ ಸ್ನಾಯುಗಳವರೆಗೆ ಹೋಗುತ್ತದೆ. ಅಲ್ಲಿಂದಾಚೆ ದಾರಿ ಮೆಡುಲ್ಲಾದ ಸ್ವಾಧೀನ. ನಿಧಾನ ಪ್ರಾಣಾಯಾಮದಲ್ಲಿ ಉಸಿರು ಬಿಡುವ ಅವಧಿ ಉದ್ದವಾದಷ್ಟೂ ಗಾಬಾ, ಗ್ಲೈಸಿನ್‌ಗಳ ತಡೆ ಇಲ್ಲದ ಹೊತ್ತು ಹೆಚ್ಚುತ್ತದೆ. ಆ ಬಿಡುವಿನಲ್ಲಿ ನಾಡಿ ತಗ್ಗುವುದನ್ನು ವಿವರಿಸಲು ಮೆದುಳಿನಲ್ಲಿ ‘ಗಾಬಾ ಹೆಚ್ಚಿತು’ ಎಂದು ಬರೆಯುವವರು, ಕನಿಷ್ಠ ಈ ಕೋಶಗಳ ಮಟ್ಟಿಗೆ, ಉಲ್ಟಾ ಬರೆದಂತೆ.

ಕೊನೆಗೆ ಇತ್ತೀಚಿನ ಒಂದು ತಿರುವು. ವೀರಕುಮಾರ್, ಕ್ರಾಸ್ನೋ ಮತ್ತು ಸಂಗಡಿಗರು 2022ರಲ್ಲಿ ಇಲಿಮರಿಗಳ ಬದಲು ಸುಂಡಿಲಿಗಳಲ್ಲಿ, ಬಣ್ಣದ ಬದಲು ಕೋಶಗಳಲ್ಲಿ ಚಾಲೂ ಇರುವ ವಂಶವಾಹಿಗಳ ಪಟ್ಟಿ ಹಿಡಿದು ನ್ಯೂಕ್ಲಿಯಸ್ ಅಂಬಿಗ್ಯೂಅಸ್ಸನ್ನು ವಿಂಗಡಿಸಿದರು. ಹೃದಯಕ್ಕೆ ಹೋಗುವ ಕೋಶಗಳು ಎರಡು ಜಾತಿ ಎಂದು ಗೊತ್ತಾಯಿತು. ಒಂದು ಜಾತಿ ಹೃದಯದ ನರಗಂಟುಗಳಿಗೆ ಹೋಗಿ ರಕ್ತದೊತ್ತಡದ ಪ್ರತಿಫಲಿತ ಕ್ರಿಯೆಯನ್ನು ನಡೆಸುತ್ತದೆ. ಇನ್ನೊಂದು ಜಾತಿ ಹೃದಯಕ್ಕೂ ಶ್ವಾಸಕೋಶಕ್ಕೂ ಒಟ್ಟಿಗೆ ಎಳೆ ಚಾಚಿ, ನೀರಿನಲ್ಲಿ ಮುಳುಗಿದಾಗ ಬಡಿತ ತಗ್ಗಿ ಶ್ವಾಸನಾಳ ಬಿಗಿಯುವ ಕ್ರಿಯೆಯನ್ನು ನಡೆಸುತ್ತದೆ. ಹೃದಯದ ಸುತ್ತಲಿನ ಚೀಲಕ್ಕೆ ಹಾಕಿದ ಬಣ್ಣ ಈ ಎರಡು ಜಾತಿಗಳ ನಡುವೆ ಭೇದ ಮಾಡುವುದಿಲ್ಲ. ಹಾಗಾಗಿ ಸೀಳಿನ ಪ್ರಯೋಗಗಳಲ್ಲಿ ಸಿಕ್ಕ ಗಾಬಾ, ಗ್ಲೈಸಿನ್, ಗ್ಲುಟಮೇಟ್ ಅಳತೆಗಳು ಎರಡೂ ಜಾತಿಯ ಕೋಶಗಳನ್ನು ಬೆರೆಸಿದ ಸರಾಸರಿಗಳಾಗಿರುವ ಸಂಭವವಿದೆ. ಉಸಿರಾಟಕ್ಕೆ ತಕ್ಕಂತೆ ಏರಿಳಿಯುವ ಗಾಬಾ ಯಾವ ಜಾತಿಯ ಮೇಲೆ ಹೆಚ್ಚು ಬೀಳುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ಅಳೆದಾಗ, 2003ರ ಚಿತ್ರದ ಯಾವ ಭಾಗ ಉಳಿಯುತ್ತದೆ, ಯಾವುದನ್ನು ತಿದ್ದಬೇಕು ಎಂಬುದು ತೀರ್ಮಾನವಾಗುತ್ತದೆ. ಅಲ್ಲಿಯವರೆಗೆ ‘ಹೃದಯದ ವೇಗಸ್ ಕೋಶ’ ಎಂದು ಏಕವಚನದಲ್ಲಿ ಬರೆಯುವಾಗ, ಈ ಟಿಪ್ಪಣಿಯಲ್ಲಿ ನಾನು ಬರೆದಿರುವುದೂ ಸೇರಿದಂತೆ, ಅದನ್ನು ಎರಡು ಜಾತಿಗಳ ಸಾಮೂಹಿಕ ಹೆಸರು ಎಂದೇ ಓದಿಕೊಳ್ಳಬೇಕು.